ಚೌಕದಾಚೆ ಕೂತವನು

"ಇದು ಬೆಂದ ಅನ್ನ ರೀ ಮೇಡಂ. ಎಷ್ಟು ಕೆದಕಿದ್ರೂ ಭತ್ತ ಆಗಂಗಿಲ್ಲ. ನನಗ ಭತ್ತ ಬೇಕು."

ಪಿಎಸ್‌ಐ ವಿಶಾಖಾ ಕೈಯಲ್ಲಿದ್ದ ಫೋಟೋವನ್ನೊಮ್ಮೆ, ಎದುರಿಗೆ ಕೂತ ನಗ್ಮಾಳನ್ನೊಮ್ಮೆ ನೋಡಿದಳು.

"ನಾ ಫೋಟೋ ತಂದ್ರ ನೀವು ಮಾನ್ವಿ ಬಜಾರದ ಮಾತು ತೆಗೀತೀರಲ್ರಿ ಅಕ್ಕಾರ."

ನಗ್ಮಾ ನಗಲಿಲ್ಲ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಆ ಫೋಟೋ ಅಂಗಡಿಯಲ್ಲಿ ಇಬ್ಬರು ಕೂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕು. ಇಷ್ಟು ವರ್ಷ ಆ ಎರಡನೆಯ ಸ್ಟೂಲು ಮತೀನನದು. ಇವತ್ತು ಅದರ ಮೇಲೆ ಖಾಕಿ ಕೂತಿತ್ತು.

ಮತೀನ್, ನಗ್ಮಾಳ ಗಂಡ, ಹಿರೇಕೊಟ್ನೆಕಲ್ ಹತ್ತಿರದ ಕಾಲುವೆ ದಂಡೆಯ ಮೇಲೆ ಬೈಕು, ಚಪ್ಪಲಿ ಬಿಟ್ಟು ಕಾಣೆಯಾಗಿ ಎರಡು ವಾರ ಕಳೆದಿತ್ತು. ದೇಹ ಸಿಕ್ಕಿರಲಿಲ್ಲ. ಆದರೂ ಮಾನ್ವಿಯ ಮನೆಯಲ್ಲಿ ಹಿರಿಯರು ತೀರ್ಮಾನಿಸಿಬಿಟ್ಟಿದ್ದರು. ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಮತೀನನ ಹೆಸರಿನಲ್ಲಿ ಫಾತೆಹಾ, ಸತ್ತವರಿಗೆ ಸಲ್ಲಿಸುವ ಪ್ರಾರ್ಥನೆ. ಅಲ್ಲಿಂದ ನಗ್ಮಾ ವಿಧವೆ. ಇದ್ದತ್ತಿನ ತಿಂಗಳುಗಳು ಮುಗಿಯುವ ತನಕ ಹೊಸ್ತಿಲು ದಾಟುವಂತಿಲ್ಲ, ಅಂಗಡಿಗೆ ಬರುವಂತಿಲ್ಲ, ಹುಡುಕುವಂತೆಯೂ ಇಲ್ಲ.

ಇವತ್ತು ಬುಧವಾರ.

"ಈ ಫೋಟೋ ಮ್ಯಾಲೆ ನಿಮಗೇನು ಅನುಮಾನ?" ಎಂದಳು ವಿಶಾಖಾ. "ಅವ್ರು ಕಡೀಗೆ ಪದ ಕೇಳಾಕ ಹೋಗಿದ್ದು ಜಾಲಹಳ್ಳಿಗೆ ಅಂದ್ರಿ, ಬೈಕ್ ಸಿಕ್ಕ ಮರುದಿನಾನೇ ನಾ ಅಲ್ಲಿಗೆ ಹೋಗಿದ್ದೆ. ಪದ ಹಾಡೋ ಹಂಪಯ್ಯ ಏನಂದ? ಮತೀನ್ ಒಬ್ಬನೇ ಬಂದ, ಪದ ಕೇಳಿದ, ಎದ್ದು ಹೋದ. ಆಮ್ಯಾಲೆ ನಿಮ್ಮ ಭಾವ ಮುಷರ್ರಫ್ ಈ ಕ್ಯಾಮೆರಾ ತಂದುಕೊಟ್ರು, ಕಾಲುವಿ ಬಾಜು ಜಾಲಿ ಕಂಟ್ಯಾಗ ಸಿಕ್ತು ಅಂತ. ಅದರಾಗ ಕಡೀ ಫೋಟೋ ಇದೇ. ಹಂಪಯ್ಯ ಹಾಡಾಕತ್ಯಾನ. ಎಲ್ಲಾ ಕೂಡತದ."

"ತಾರೀಖು?"

"ಮೊದಲ ಜನವರಿ ಅಂತ ತೋರಿಸ್ತದ. ಅದರಾಗಿರೋ ಎಲ್ಲಾ ಫೋಟೋಗೂ ಅದೇ. ನಿಮ್ಮನಿಯವರ ಕ್ಯಾಮೆರಾಕ್ಕ ವರ್ಷಪೂರ್ತಿ ಹೊಸವರ್ಷ ಏನ್ರಿ?"

ಈಗ ನಗ್ಮಾಳ ತುಟಿ ಸ್ವಲ್ಪ ಸಡಿಲಾಯಿತು. ಹೌದು, ಬ್ಯಾಟರಿ ಪೂರ್ತಿ ಇಳಿದಾಗಲೆಲ್ಲ ಆ ಕ್ಯಾಮೆರಾದ ಗಡಿಯಾರ ಮೊದಲಿಗೆ ಹೋಗಿ ಕೂಡುತ್ತಿತ್ತು. ಮತೀನ್ ತಿದ್ದುತ್ತಿರಲಿಲ್ಲ. ಹಾಡಿಗೆ ಯಾವ ತಾರೀಖು ಅನ್ನುತ್ತಿದ್ದ.

ಅವಳು ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡಳು. ಅಂಗಿ ಜೇಬಿನಲ್ಲಿ ಮುಳುಗಿಹೋಗುವಷ್ಟು ಸಣ್ಣದು. ಮದುವೆಗಳಿಗೆ ದೊಡ್ಡ ಕ್ಯಾಮೆರಾ ಹೊರುವ ಮತೀನ್, ಮೊಹರಂ ಪದ ಹಾಡುವವರ ಮುಂದೆ ಅದನ್ನು ತೆಗೆಯುತ್ತಲೇ ಇರಲಿಲ್ಲ. ದೊಡ್ಡ ಲೆನ್ಸು ಕಂಡರೆ ಹಾಡುವವರು ರುಮಾಲು ಸರಿಮಾಡಿಕೊಳ್ಳುತ್ತಾರೆ, ಮುಖ ಗಟ್ಟಿ ಮಾಡುತ್ತಾರೆ, ಪದ ಗಂಟಲಲ್ಲೇ ನಿಲ್ಲುತ್ತದೆ. ಈ ಸಣ್ಣದನ್ನು ಅವರು ಮರೆತುಬಿಡುತ್ತಾರೆ.

ಮತೀನ್ ಪ್ರತಿ ಫೋಟೋವನ್ನೂ ಎರಡೆರಡು ಫೈಲಾಗಿ ತೆಗೆಯುತ್ತಿದ್ದ. ಒಂದು ಜೆಪೆಗ್, ಇನ್ನೊಂದು ರಾ. ಗಂಡ ಹೆಂಡತಿ ಅದಕ್ಕೆ ಇಟ್ಟ ಹೆಸರು ಪಕ್ಕಾ ಮತ್ತು ಕಚ್ಚಾ.

"ಅರ್ಧ ಫೋಟೋ ನಾ ಅಲ್ಲಿ ತೆಗೀತೀನಿ," ಅನ್ನುತ್ತಿದ್ದ ಮತೀನ್. "ಉಳಿದರ್ಧ ನೀ ಇಲ್ಲಿ ತೆಗಿ."

ಹಾಗೆ ಅವನು ಊರೂರು ತಿರುಗಿ ಬೆಳಕು ತಂದ. ಅವಳು ಈ ಗೂಡಿನಲ್ಲಿ ಕೂತು ಆ ಬೆಳಕನ್ನು ಹಂತಹಂತವಾಗಿ ಬಿಡಿಸಿದಳು. ಆ ಅರ್ಧ ಕೆಲಸ ಈಗ ಮೇಜಿನ ಮೇಲೆ ಕೂತಿತ್ತು, ಕೊಟ್ಟವನಿಲ್ಲದೆ.

"ನೀವು ನೋಡಿದ್ದು ಪಕ್ಕಾದ್ದು," ಎಂದಳು ನಗ್ಮಾ. "ಕ್ಯಾಮೆರಾನೇ ಬೇಯಿಸಿ ಕೊಟ್ಟಿದ್ದು. ಬಣ್ಣ ಇದು, ಕತ್ತಲು ಇಷ್ಟು ಅಂತ ಅದೇ ತೀರ್ಮಾನ ಮಾಡಿ, ಉಳಿದಿದ್ದನ್ನ ಚೆಲ್ಲಿಬಿಡತದ. ಕಚ್ಚಾದ್ದು ಏನೂ ಚೆಲ್ಲಂಗಿಲ್ಲ."

"ಆ ಫೈಲು ನಮ್ಮ ಕಂಪ್ಯೂಟರದಾಗ ತೆಗೀಲೇ ಇಲ್ರಿ."

"ಅದಕ್ಕ ಇಲ್ಲಿಗೆ ಬಂದೀರಿ."

"ಅದಕ್ಕ ಬಂದೀನಿ," ಎಂದು ಒಪ್ಪಿಕೊಂಡಳು ವಿಶಾಖಾ.

ಮೊದಲು ಜೆಪೆಗ್ ತೆರೆದಳು. ಚೌಕನೆಯ ಫೋಟೋ. ಮತೀನ್ ಕ್ಯಾಮೆರಾವನ್ನು ಯಾವಾಗಲೂ ಚೌಕಕ್ಕೇ ಇಟ್ಟಿರುತ್ತಿದ್ದ. ನಡುವೆ ಹಂಪಯ್ಯ, ಬಾಯಿ ತೆರೆದು ಕತ್ತು ಎತ್ತಿದ್ದಾನೆ. ತಲೆಯ ಮೇಲೆ ಹಳೆಯ ಕಾಲದ ಹಳದಿ ಬಲ್ಬು. ಹಿಂದಿನ ಗೋಡೆ ಪಾಚಿಗಟ್ಟಿದ ಹಾಗೆ ಮಬ್ಬು ಹಸಿರು.

"ಇದರ ಹಳದಿ ತೆಗೀತೀನಿ, ನೋಡ್ರಿ."

ಹಂಪಯ್ಯನ ಮುಖ ಬೂದಿಯಾಯಿತು. ಗೋಡೆ ತೇಪೆ ತೇಪೆಯಾಗಿ ಒಡೆಯಿತು.

"ಥೂ," ಎಂದಳು ವಿಶಾಖಾ. "ಹೆಣದ ಕಳೆ ಬಂತಲ್ರಿ ಅವನಿಗೆ."

ನಗ್ಮಾ ಅದನ್ನು ಮುಚ್ಚಿ ಕಚ್ಚಾ ಫೈಲು ತೆರೆದಳು. ಮೊದಲು ನೋಡಿದರೆ ಇದು ಇನ್ನೂ ಸಪ್ಪೆ, ಇನ್ನೂ ಮಸುಕು. ಹಂಪಯ್ಯನ ಬಿಳಿ ರುಮಾಲಿನ ಮೇಲೆ ಬಾಣ ಇಟ್ಟು, ಇದು ಬಿಳಿ ಎಂದು ಕಂಪ್ಯೂಟರಿಗೆ ಹೇಳಿಕೊಟ್ಟಳು. ಒಂದು ಉಸಿರು ತಡೆದು ಚಿತ್ರ ಹೊರಳಿತು. ಮುಖಕ್ಕೆ ರಕ್ತ ಬಂತು. ನೆರಳನ್ನು ಮೇಲೆತ್ತಿದಾಗ ಕತ್ತಲಲ್ಲಿ ಅಡಗಿದ್ದ ಗೋಡೆಗೂಡು, ಗೂಡಿನಲ್ಲಿನ ನವಿಲುಗರಿ, ನೇತುಹಾಕಿದ್ದ ದಮ್ಮಡಿ ವಾದ್ಯ ಒಂದೊಂದಾಗಿ ಕಾಣತೊಡಗಿದವು.

ಗೋಡೆ ನೀಲಿಯಾಗಿತ್ತು. ತಿಳಿ, ಹೊಸ, ಸ್ವಚ್ಛ ನೀಲಿ.

ವಿಶಾಖಾ ಎದ್ದು ನಿಂತಳು.

"ಇದು ನೀವು ಹಚ್ಚಿದ ಬಣ್ಣ ಅಲ್ಲಲ್ಲ?"

"ಕಚ್ಚಾ ಫೈಲಿನ ಮ್ಯಾಲೆ ಯಾರೂ ಬರೆಯಾಕ ಬರಂಗಿಲ್ರಿ. ನಾ ಮಾಡಿದ್ದೆಲ್ಲಾ ಬ್ಯಾರೇ ಕಡೆ ಉಳೀತದ, ಒಳಗಿಂದು ಇದ್ದಾಂಗೇ ಇರ್ತದ. ನಿಮ್ಮ ಬೆಂಗಳೂರು ಲ್ಯಾಬಿನವರು ತೆಗೆದ್ರೂ ಬಿಳಿ ರುಮಾಲು ಬಿಳಿನೇ, ಗ್ವಾಡಿ ನೀಲಿನೇ. ಯಾಕ್ರಿ?"

"ನಾ ಹೋದಾಗ ಆ ಗ್ವಾಡಿ ಹಸರಿತ್ತು," ವಿಶಾಖಾ ನಿಧಾನವಾಗಿ ಹೇಳಿದಳು. "ಗಿಣಿ ಹಸರು. ಒರಗಿದ್ರ ಪುಡಿ ಅಂಟತಿತ್ತು. ನನ್ನ ಯೂನಿಫಾರ್ಮಿಗೆ ಅಂಟಿತ್ತು."

ಅಂಗಡಿಯ ಫ್ಯಾನು ಒಂದೇ ಸಮನೆ ಕಿರುಗುಟ್ಟುತ್ತಿತ್ತು. ನಗ್ಮಾ ಬೆರಳು ಮಡಚಿ ಲೆಕ್ಕ ಹಾಕಿದಳು. ಬೈಕು ಸಿಕ್ಕ ಮೇಲೆ ವಿಶಾಖಾ ಜಾಲಹಳ್ಳಿಗೆ ಹೋದದ್ದು. ವಿಶಾಖಾ ಹೋದಾಗ ಗೋಡೆ ಹಸಿರು. ಫೋಟೋದಲ್ಲಿ ನೀಲಿ. ಹಾಗಾದರೆ...

ಅವಳು ಆ ಮಾತನ್ನು ಮುಗಿಸಲಿಲ್ಲ. ಆಸೆಯನ್ನು ಪೂರ್ತಿ ಉಚ್ಚರಿಸಿದರೆ ಯಾರೋ ಕೇಳಿಸಿಕೊಂಡು ಕಿತ್ತುಕೊಳ್ಳುತ್ತಾರೆ ಎನ್ನುವ ಭಯ.

ವಿಶಾಖಾ ಆಗಲೇ ಫೋನು ಹಚ್ಚಿ ಸ್ಪೀಕರಿಗೆ ಇಟ್ಟಿದ್ದಳು. ಆ ಕಡೆ ಹಂಪಯ್ಯನ ಹೆಂಡತಿ ಗೋಪಮ್ಮ.

"ಗೋಪಮ್ಮಾ, ನಾನು ಪೊಲೀಸ್ ಮೇಡಂ. ಆರಾಮಿದ್ದೀಯಾ?"

"ಯವ್ವಾ! ಆರಾಮ ರೀ. ಮತ್ತ ಬರಾಕತ್ತೀರೇನ್ರಿ?"

"ಇಲ್ಲ ಬಿಡು. ನಮ್ಮ ಮನಿಗೆ ಬಣ್ಣ ಹಚ್ಚಸಬೇಕಾಗ್ಯದ. ನಿಮ್ಮ ಪಡಸಾಲಿ ನೀಲಿ ಬಾಳ ಚಂದ ಅದಲ್ಲ, ಯಾವಾಗ ಹಚ್ಚಿದ್ರಿ?"

"ನೀವು ಬಂದು ಹೋದ ಮ್ಯಾಲೇ ರೀ. ಮಗಳು ಮೌನೇಶ್ವರಿನ್ನ ನೋಡಾಕ ಬೀಗ್ರು ಬರೋರಿದ್ರು. ಹಳೀ ಹಸರು ಗ್ವಾಡಿ ನೋಡಿ ಏನಂದಾರು ಅಂತ ನಾನೇ ಗಂಟುಬಿದ್ದು..." ಮಾತು ತಟ್ಟನೆ ನಿಂತಿತು. "ನೀವು ಬಂದಾಗ ಹಸರಿತ್ತಲ್ರಿ ಯವ್ವಾ. ನೀಲಿ ಹ್ಯಾಂಗ ನೋಡಿದ್ರಿ?"

ಹಿಂದಿನಿಂದ ಗಂಡು ದನಿಯೊಂದು "ಯಾರ್ದು ಬೇ ಫೋನು?" ಎಂದಿತು. ಸಂಪರ್ಕ ಕಡಿಯಿತು.

"ಅಂದ್ರ ಈ ಫೋಟೋ ತೆಗೆದಾಗ ನಿಮ್ಮ ಗಂಡ ಮುಳುಗಿ ಎಷ್ಟೋ ದಿನ ಆಗಿತ್ತು," ಎಂದಳು ವಿಶಾಖಾ. "ಒಂದು, ಅವ್ರು ಮುಳುಗಿಲ್ಲ. ಇಲ್ಲಾ, ಈ ಫೋಟೋ ತೆಗೆದವ ಬ್ಯಾರೆಯವ."

ನಗ್ಮಾ ಪರದೆಯ ಕಡೆ ಬಗ್ಗಿದಳು. ಅವಳಿಗೆ ಇನ್ನೊಂದು ಕಂಡಿತ್ತು. ಫೋಟೋ ಒಂದು ಬದಿಗೆ ವಾಲಿತ್ತು. ಮತೀನ್ ಓಡುವ ಬಸ್ಸಿನಲ್ಲಿ ತೆಗೆದರೂ ವಾಲುತ್ತಿರಲಿಲ್ಲ. ಕ್ಯಾಮೆರಾ ಬಹಳ ಕೆಳಗಿತ್ತು, ನೆಲದ ಮೇಲೆ ಕೂತ ಕುಳ್ಳಗಿನ ಯಾರೋ ಎದೆಯ ಹತ್ತಿರ ಹಿಡಿದು ಒತ್ತಿದ ಹಾಗೆ.

"ಚೌಕ ತೆಗೀತೀನಿ," ಎಂದಳು.

"ತೆಗದ್ರ?"

"ಚೌಕ ಮಾಡೋದು ಪಕ್ಕಾ ಫೈಲಿಗಷ್ಟೇ ರೀ. ಕಚ್ಚಾದ್ದರಾಗ ಎರಡೂ ಕಡೀದು ಹಾಂಗೇ ಉಳಿದಿರ್ತದ. ನೋಡೋರಿಗೆ ಕಾಣಂಗಿಲ್ಲ, ಅಷ್ಟ."

ಚೌಕ ಕಳಚಿತು. ಚಿತ್ರ ಎಡಕ್ಕೂ ಬಲಕ್ಕೂ ಕೈ ಚಾಚಿತು. ಬಲಗಡೆ ಬಾಗಿಲು, ನೀರಿನ ಕೊಡ. ಎಡಗಡೆ, ಅಂಚಿಗೆ, ಕಂಬಕ್ಕೆ ಒರಗಿ ಕೂತ ಯಾರದೋ ಮೊಣಕಾಲು. ಮೊಣಕಾಲಿನ ಮೇಲೆ ಎರಡು ಕೈ. ಒಂದು ಕೈಯ ಬೆನ್ನು ಇನ್ನೊಂದರ ಅಂಗೈಗೆ ತಾಗಿತ್ತು.

ಎಲ್ಲರೂ ಅಂಗೈಗೆ ಅಂಗೈ ತಟ್ಟಿ ತಾಳ ಹಾಕುತ್ತಾರೆ. ಕೈಯ ಬೆನ್ನಿನಿಂದ ತಟ್ಟುವವರು ಈ ಸೀಮೆಯಲ್ಲಿ ಎಷ್ಟು ಜನ ಇದ್ದಾರು? ಹಾಡುವವನಿಗೆ ತನ್ನ ತಾಳ ಕೇಳಿಸಬಾರದು, ತನಗಷ್ಟೇ ಕೇಳಿಸಬೇಕು ಎಂದು ಮೆಲ್ಲಗೆ, ರಾತ್ರಿ ಅವಳ ಪಕ್ಕ ಮಲಗಿಯೂ ಹಾಗೆಯೇ...

"ಮುಖ ಕಟ್ ಆಗ್ಯದಲ್ರಿ," ಎಂದಳು ವಿಶಾಖಾ.

"ಇನ್ನೊಂದು ಬೆರಳಷ್ಟು ಅದ."

ತನ್ನ ದನಿ ತನಗೇ ಬೇರೆಯವರದು ಅನ್ನಿಸಿತು ನಗ್ಮಾಳಿಗೆ. ಹೇಳುವುದಕ್ಕಾದರೂ ಏನಾದರೂ ಬೇಕಿತ್ತು. "ಇಷ್ಟು ಸಣ್ಣ ಲೆನ್ಸು ಅಂಚಿಗೆ ಗ್ವಾಡಿ, ಕಂಬ ಎಲ್ಲಾ ಬಿಲ್ಲಿನಂಗ ಬಗ್ಗಸ್ತದ. ಅದು ಕಾಣಬಾರದಂತ ನೆಟ್ಟಗ ಮಾಡಿ, ಸುತ್ತಲಿನ ಅಂಚು ಕತ್ತರಿಸಿ ಒಗೀತಾರ. ಆ ನೆಟ್ಟಗ ಮಾಡೋದನ್ನ ಬಿಡಿಸಿದ್ರ..."

ಬಿಡಿಸಿದಳು. ಕಂಬ ಬಾಗಿತು. ಗೋಡೆ ಉಬ್ಬಿತು. ಮೂಲೆಗಳು ಕಪ್ಪಾದವು. ಆ ಸೊಟ್ಟ ಅಂಚಿನಲ್ಲಿ, ಎಲ್ಲರೂ ಕತ್ತರಿಸಿ ಎಸೆಯುವ ಆ ಒಂದು ಬೆರಳ ಜಾಗದಲ್ಲಿ, ಮತೀನ್ ಕೂತಿದ್ದ.

ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದ. ಗಡ್ಡ ಬೆಳೆದಿತ್ತು. ಲೆನ್ಸಿನ ಬಾಗಿನಿಂದ ಮುಖ ಕೊಂಚ ಉದ್ದವಾಗಿತ್ತು. ಅವನೇ.

ಎಷ್ಟು ಮದುವೆ, ಎಷ್ಟು ಹಾಡಿನ ಮನೆ, ಎಷ್ಟು ಸಾವಿರ ಮುಖ ಅವನು ತಂದು ಈ ಮೇಜಿನ ಮೇಲೆ ಸುರಿದಿದ್ದ. ತನ್ನ ಮುಖ ಒಂದನ್ನೂ ತಂದಿರಲಿಲ್ಲ. ಅವನು ಹೋದ ಮೇಲೆ ಅವಳು ಡಿಸ್ಕುಗಳನ್ನೆಲ್ಲ ಜಾಲಾಡಿದ್ದಳು. ಸಿಕ್ಕಿದ್ದು ಒಂದು ಕನ್ನಡಿಯಲ್ಲಿನ ಮೊಣಕೈ, ಒಂದು ಅಂಗಳದಲ್ಲಿ ಬಿದ್ದ ನೆರಳು. ಅವಳು ಪರದೆಯನ್ನು ಮುಟ್ಟಲಿಲ್ಲ. ಮುಟ್ಟಿದರೆ ಗಾಜು ಎಂದು ತಿಳಿದುಬಿಡುತ್ತಿತ್ತು.

"ಅಕ್ಕಾರ," ವಿಶಾಖಾ ಮೆಲ್ಲಗೆ ಕರೆದಳು. "ಅಳ್ರಿ ಬೇಕಾದ್ರ. ಆಮ್ಯಾಲೆ ಒಂದು ಹೇಳ್ರಿ. ಅವ್ರು ಇಲ್ಲಿ ಕೂತಾರ. ಹಂಪಯ್ಯ ಅಲ್ಲಿ ಹಾಡಾಕತ್ಯಾನ. ಕ್ಯಾಮೆರಾ ಹಿಡಿದವ್ರು ಯಾರು?"

* * *

ಮಾನ್ವಿ ದಾರಿಯ ಎರಡೂ ಕಡೆ ಕಾಲುವೆ ನೀರು ಕುಡಿದು ನಿಂತ ಗದ್ದೆ. ನಗ್ಮಾ ನೋಡಲಿಲ್ಲ. ಮಡಿಲಲ್ಲಿದ್ದ ಹೊಸ ಪ್ರಿಂಟಿನ ಮೇಲೆ ಅಂಗೈ ಮುಚ್ಚಿ ಕೂತಿದ್ದಳು.

"ಕ್ಯಾಮೆರಾ ತಂದುಕೊಟ್ಟವ್ರು ಮುಷರ್ರಫ್," ಎಂದಳು ಗಾಡಿಯಲ್ಲಿ ಪಕ್ಕಕ್ಕೆ ಕೂತಿದ್ದ ವಿಶಾಖಾ. "ನಾ ಒಳಗ ಬಂದು ಕೇಳಲಾ?"

"ಮನಿ ತುಂಬ ಹೆಂಗಸರಿದ್ದಾರ್ರಿ, ಕುರಾನ್ ಓದಾಕತ್ತಾರ. ಖಾಕಿ ಕಂಡ್ರ ಭಾಯಿಜಾನ್ ಬಾಯಿ ಹೊಲ್ಕೊಂಡುಬಿಡ್ತಾರ. ಮೊದಲು ನಾ ಹೋಗ್ತೀನಿ."

"ಒಂದು ಚಾ ಕುಡಿಯೋತನಕ ಟೈಮು ಕೊಡ್ತೀನಿ. ಆಮ್ಯಾಲೆ ನಾ ಬರಾಕಿನೇ."

ಪಡಸಾಲೆಯಲ್ಲಿ ಮುಷರ್ರಫ್ ಜಮಖಾನೆ ಹಾಸುತ್ತಿದ್ದ. ಭತ್ತದ ಅಂಗಡಿಯ ಧೂಳು ಇನ್ನೂ ರೆಪ್ಪೆಯ ಮೇಲಿತ್ತು. ನಗ್ಮಾ ಸಲಾಂ ಹೇಳಲಿಲ್ಲ. ಪ್ರಿಂಟನ್ನು ಅವನ ಮುಂದೆ ಹಿಡಿದಳು.

ಅವನು ನೋಡಿದ. ಕೈಯಲ್ಲಿದ್ದ ಜಮಖಾನೆಯ ತುದಿ ಜಾರಿತು.

"ಯಾ ಅಲ್ಲಾಹ್. ಇದು... ನಾ ನೋಡಿದ ಫೋಟೋದಾಗ ಮತೀನ್ ಇರ್ಲಿಲ್ಲ."

"ತೆಗೆದವರು ನೀವಾ?"

"ನಾನಾ? ನನಗ ಫೋನ್‌ದಾಗ ಫೋಟೋ ತೆಗೆಯಾಕ ಬರಂಗಿಲ್ಲ!"

"ಜಾಲಿ ಕಂಟ್ಯಾಗ ಸಿಕ್ತು ಅಂದ್ರಿ."

"ಹಾಂಗನ್ನು ಅಂದ್ರು, ಅಂದೆ." ಅವನ ಕಣ್ಣು ಒಳಕೋಣೆಯ ಪರದೆಯ ಕಡೆ ಹೊರಳಿತು. ದನಿ ಇಳಿಯಿತು. "ಅಮ್ಮಿ ಕೊಟ್ಟಿದ್ದು, ನಗ್ಮಾ. ಯಾಕಂತ ನಾ ಕೇಳ್ಲಿಲ್ಲ. ಅಮ್ಮಿನ್ನ ಯಾರು ಕೇಳ್ತಾರ ಈ ಮನ್ಯಾಗ?"

ಫಾತೆಹಾ ಆಗಲೇಬೇಕು ಎಂದು ಮೊದಲು ಹಟ ಹಿಡಿದವಳು ಅತ್ತೆ ನೂರ್ ಬೀ. ಮಗನ ಚಪ್ಪಲಿ ಕಂಡ ದಿನವೇ ಅವಳು ಕಣ್ಣೊರೆಸಿಕೊಂಡು, ಇನ್ನು ಕಾಯುವುದು ಬೇಡ ಎಂದಿದ್ದಳು. ಎಂಥ ಕಲ್ಲೆದೆ ಎಂದು ಓಣಿಯ ಹೆಂಗಸರು ಪಿಸುಗುಟ್ಟಿದ್ದರು. ನಗ್ಮಾಳೂ ಹಾಗೆಯೇ ಅಂದುಕೊಂಡಿದ್ದಳು.

ಒಳಗೆ ಮುದುಕಿ ಗೋಡೆಗೆ ಒರಗಿ ಜಪಮಣಿ ಎಣಿಸುತ್ತಿದ್ದಳು. ಕುಳ್ಳ ದೇಹ. ಒಂದು ಕಣ್ಣಿಗೆ ಪೊರೆ. ಪಕ್ಕದ ಕೋಣೆಯಿಂದ ಓದುವವರ ದನಿ ಜೇನಿನಂತೆ ಗುಂಯ್‌ಗುಡುತ್ತಿತ್ತು.

"ಬಂದ್ಯಾ ದುಲ್ಹನ್. ಕೂಡು."

ನಗ್ಮಾ ಕೂಡಲಿಲ್ಲ. ಪ್ರಿಂಟನ್ನು ಮುದುಕಿಯ ಮಡಿಲಲ್ಲಿಟ್ಟಳು, ಅಷ್ಟೆ.

ನೂರ್ ಬೀ ಅದನ್ನು ಎತ್ತಿ ಒಳ್ಳೆಯ ಕಣ್ಣಿನ ಹತ್ತಿರ ತಂದಳು. ಹಂಪಯ್ಯನ ಮೇಲೆ ನೋಟ ನಿಲ್ಲಲಿಲ್ಲ. ನೇರ ಎಡಕ್ಕೆ ಹೋಯಿತು, ಎಲ್ಲಿ ಹುಡುಕಬೇಕೆಂದು ಮೊದಲೇ ಗೊತ್ತಿದ್ದವರ ಹಾಗೆ. ಸುಕ್ಕುಗಟ್ಟಿದ ಮುಖ ಒಮ್ಮೆಲೇ ಅರಳಿತು.

"ಬಂದಾನ!" ಎಂದಳು. "ಫೋಟೋದಾಗ ಬಂದಾನ! ನಾ ಒತ್ತಿದ್ದು ಸುಳ್ಳಾಗಿಲ್ಲ!"

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೆ ತಿಳಿಯಿತು. ಜಪಮಣಿ ನಿಂತಿತು.

"ಅಮ್ಮೀ," ಎಂದಳು ನಗ್ಮಾ. "ನೀವು ತೆಗೆದ್ರ್ಯಾ?"

"ಹೋದ ವಾರ ದೇವದುರ್ಗಕ್ಕ, ತಂಗಿ ಹಸೀನಾ ಬೇಗಂ ಮನಿಗೆ ಹೋಗ್ತೀನಿ ಅಂತ ಹೋಗಿದ್ನಲ್ಲ. ಅಲ್ಲಿಂದ ಜಾಲಹಳ್ಳಿ ಬಸ್ ಹತ್ತಿದೆ." ಮುದುಕಿ ಪ್ರಿಂಟಿನಿಂದ ಕಣ್ಣು ಕೀಳಲಿಲ್ಲ. "ಕ್ಯಾಮೆರಾ ಬೈಕಿನ ಹತ್ರ ಇಡೋದು ಮರೆತಿದ್ದ. ತಗೊಂಡು ಹೋಗಿ ಭಾಯಿಜಾನ್ ಕೈಗೆ ಕೊಡು ಅಂದ. ಗಂಟಿನಾಗ ಕಟ್ಕೊಂಡಿದ್ದೆ. ಹಂಪಯ್ಯ ಹಾಡಾಕ ಕುಂತ. ಇವ ಕಣ್ಣು ಮುಚ್ಚಿದ. ಇನ್ನ ಯಾವಾಗ ನೋಡ್ತೀನೋ ಅನ್ಸಿ ಗಂಟು ಬಿಚ್ಚಿ ಒತ್ತಿದೆ. ಅವನಿಗೂ ಗೊತ್ತಿಲ್ಲ. ಮನಿಗೆ ಬಂದು ಮುಷರ್ರಫ್‌ಗ ತೋರಿಸಿದ್ರ, ಬರೇ ಹಂಪಯ್ಯ ಅದಾನ ಅಮ್ಮಿ ಅಂದ. ನನ್ನ ಮಗನ್ನ ಅಲ್ಲಾಹ್‌ನೇ ಫೋಟೋದಿಂದ ಅಡಗಿಸ್ಯಾನ ಅಂತ ತಿಳಿದೆ. ಅದಕ ಪೊಲೀಸರಿಗೆ ಕೊಡು ಅಂದೆ."

ನಗ್ಮಾ ಅವಳ ಪಕ್ಕ ನೆಲದ ಮೇಲೆ ಕೂತಳು. ಸಿಟ್ಟು ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು. ಈ ಮುದುಕಿ ಅವನನ್ನು ನೋಡಿದ್ದಾಳೆ, ಅವನ ಉಸಿರು ಕೇಳಿದ್ದಾಳೆ.

"ನನ್ನ ಹೆಸರು ತೆಗೆದ್ರಾ ಅವ್ರು?"

"ನಿನ್ನ ಹೆಸರು ಬಿಟ್ಟು ಬ್ಯಾರೇನು ತೆಗೆದ?"

ಆಗ ನಗ್ಮಾ ಅತ್ತಳು.

"ಹಾಂಗಾದ್ರ ಶುಕ್ರವಾರದ್ದು ನಿಲ್ಲಿಸ್ರಿ, ಅಮ್ಮೀ. ಬದುಕಿದವರಿಗೆ ಫಾತೆಹಾ ಯಾಕ? ನಾ ಯಾಕ ಇದ್ದತ್ತಿಗೆ ಕೂಡಲಿ?"

ನೂರ್ ಬೀ ಮುಂದಕ್ಕೆ ಬಗ್ಗಿದಳು. ಅವಳ ಮಾತು ಓದುವವರ ದನಿಯ ಕೆಳಗೆ ತೆವಳಿ ಬಂತು.

"ನಕ್ಕೋ, ನಿಲ್ಲಸಬ್ಯಾಡ. ಅವ ಬದುಕಬೇಕಂದ್ರ ಶುಕ್ರವಾರ ಸಾಯಬೇಕು, ಬೇಟಾ. ಅವ ಸತ್ತಾನಂತ ಯಾರಿಗೆ ನಂಬಿಕಿ ಬರಬೇಕೋ, ಅವರು ಅವತ್ತು ಮಸೀದಿ ಮುಂದ ಬಂದು ನಿಂದರ್ತಾರ. ನಿನ್ನ ಅಳು ನೋಡೇ ಅವರು ನಂಬೋದು."

"ಯಾರು ಅವರು?"

ಬಾಗಿಲ ಪರದೆ ಸರಿಯಿತು. ವಿಶಾಖಾ ನಿಂತಿದ್ದಳು. ಓದುವ ದನಿ ಒಂದು ಕ್ಷಣ ತಡವರಿಸಿ ಮತ್ತೆ ಮುಂದುವರಿಯಿತು.

"ಅಕ್ಕಾರ, ಗೊತ್ತಾತೇನ್ರಿ? ಯಾರು ತೆಗೆದಿದ್ದು?"

ಅತ್ತೆಯ ಕೈ ನಗ್ಮಾಳ ಬೆನ್ನಿನ ಮೇಲೆ ಹಗುರಾಗಿ ಕೂತಿತ್ತು. ಕಚ್ಚಾ ಫೈಲು ಏನನ್ನೂ ಚೆಲ್ಲುವುದಿಲ್ಲ ಎಂದು ವಿಶಾಖಾಳಿಗೆ ಹೇಳಿಕೊಟ್ಟವಳು ತಾನೇ. ನಗ್ಮಾ ಕಣ್ಣೊರೆಸಿಕೊಂಡಳು.

"ಅವ್ರೇ ತೆಗೆದಿದ್ದು ಮೇಡಂ," ಎಂದಳು. "ಟೈಮರ್ ಇಟ್ಟು, ಹೋಗಿ ಕೂತಾರ."

ವಿಶಾಖಾ ಆ ಸುಳ್ಳನ್ನು ಹಿಡಿಯಲೂ ಇಲ್ಲ, ಒಪ್ಪಲೂ ಇಲ್ಲ. ಅವಳ ಮುಖದಲ್ಲಿ ಬಣ್ಣವೇ ಇರಲಿಲ್ಲ.

"ಹಂಪಯ್ಯ ಫೋನ್ ಮಾಡಿದ್ದ, ಈಗ," ಎಂದಳು. "ಮತೀನ್ ಇಷ್ಟು ದಿನ ಅವರ ಮನ್ಯಾಗೇ ಇದ್ದರಂತ. ನಾವು ಗೋಪಮ್ಮನ ಜೋಡಿ ಮಾತಾಡಿದ ಮ್ಯಾಲೆ ಒಂದು ಜೀಪ್ ಬಂತಂತ. ವಿಶಾಖಾ ಮೇಡಂ ಕಳಿಸ್ಯಾರ, ಗಾಡಿ ಹತ್ತು ಅಂದ್ರಂತ. ಆಗಷ್ಟೇ ನಾ ಫೋನ್ ಮಾಡಿದ್ನಲ್ಲ, ನನ್ನ ಹೆಸರು ಕೇಳಿ ಮತೀನ್ ಸುಮ್ಮನ ಹತ್ತಿ ಹೋಗ್ಯಾರ."

ಬೆನ್ನಿನ ಮೇಲಿದ್ದ ನೂರ್ ಬೀಯ ಬೆರಳುಗಳು ನಗ್ಮಾಳ ಕುಪ್ಪಸವನ್ನು ಹಿಡಿದು ಬಿಗಿದವು.

"ಅಕ್ಕಾರ," ಎಂದಳು ವಿಶಾಖಾ, "ನಾ ಯಾರನ್ನೂ ಕಳಿಸಿಲ್ಲ."